ಎಆರ್‌ಟಿ ಮಾತ್ರೆ ಮತ್ತು ಹೃದಯ: ಏನು ಗಮನಿಸಬೇಕು, ಯಾವ ಪರೀಕ್ಷೆ ಮಾಡಿಸಬೇಕು, ಯಾವುದನ್ನು ಬೆರೆಸಬಾರದು

‘ಎಆರ್‌ಟಿ ಮಾತ್ರೆಯಿಂದ ಹಾರ್ಟ್‌ಗೆ ತೊಂದರೆಯಾಗುತ್ತಾ? ಆಗುವುದಾದರೆ ನಿಲ್ಲಿಸಬಹುದಾ?’ ಹೆಚ್‌ಐವಿ ಸೋಂಕಿಗೆ ಕೊಡುವ ಎಆರ್‌ಟಿ ಮಾತ್ರೆಗಳ ಬಗ್ಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ, ಒಂದು ವಾರದ ಮಟ್ಟಿಗೂ ಬೇಡ.

ಇದಕ್ಕೆ ಗಟ್ಟಿಯಾದ ಆಧಾರವಿದೆ. 2006ರಲ್ಲಿ ಪ್ರಕಟವಾದ ‘ಸ್ಮಾರ್ಟ್’ ಎಂಬ ಅಧ್ಯಯನದಲ್ಲಿ ಸುಮಾರು 5,500 ಸೋಂಕಿತರಿದ್ದರು. ಅರ್ಧದಷ್ಟು ಜನ ಮಾತ್ರೆಯನ್ನು ಸತತವಾಗಿ ತೆಗೆದುಕೊಂಡರು. ಉಳಿದವರು ಸಿಡಿ4 ಎಣಿಕೆ (ರಕ್ತದಲ್ಲಿ ರೋಗನಿರೋಧಕ ಕಣಗಳ ಸಂಖ್ಯೆ) ನೋಡಿಕೊಂಡು ಬಿಟ್ಟು ಬಿಟ್ಟು ತೆಗೆದುಕೊಂಡರು. ಮಾತ್ರೆ ಕಡಿಮೆಯಾದರೆ ಅಡ್ಡಪರಿಣಾಮವೂ ಕಡಿಮೆಯಾದೀತು ಎಂಬ ನಿರೀಕ್ಷೆ ಸುಳ್ಳಾಯಿತು. ಬಿಟ್ಟು ಬಿಟ್ಟು ತೆಗೆದುಕೊಂಡವರಲ್ಲೇ ಹೃದಯ, ಮೂತ್ರಪಿಂಡ, ಯಕೃತ್ತಿನ ಗಂಭೀರ ಕಾಯಿಲೆಗಳು ಹೆಚ್ಚಾಗಿ ಕಂಡವು. ವೈರಸ್ ಮತ್ತೆ ತಲೆಯೆತ್ತಿದಾಗ ರಕ್ತನಾಳಗಳ ಒಳಪದರದಲ್ಲಿ ಉರಿಯೂತ ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಹೆಚ್‌ಐವಿ ಇರುವವರಿಗೆ ಹೃದಯಾಘಾತದ ಸಾಧ್ಯತೆ ಇತರರಿಗಿಂತ ಒಂದೂವರೆಯಿಂದ ಎರಡು ಪಟ್ಟು ಇರುವುದಕ್ಕೆ ಈ ಉರಿಯೂತ ಒಂದು ಮುಖ್ಯ ಕಾರಣ.

ಇನ್ನೊಂದು ಅಪಾಯವೂ ಇದೆ. ಎಆರ್‌ಟಿಯಲ್ಲಿರುವ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎಂಬ ಔಷಧಿಗಳು ಹೆಪಟೈಟಿಸ್ ಬಿ ವೈರಸ್ಸನ್ನೂ ಹತೋಟಿಯಲ್ಲಿಡುತ್ತವೆ. ಆ ಸೋಂಕೂ ಇರುವವರು ಇದ್ದಕ್ಕಿದ್ದಂತೆ ಮಾತ್ರೆ ಬಿಟ್ಟರೆ ಯಕೃತ್ತು ತೀವ್ರವಾಗಿ ಕೆಡಬಹುದು.

ಇನ್ನು ಮೊದಲನೆಯ ಪ್ರಶ್ನೆ. ಕೆಲವು ಔಷಧಿಗಳಿಂದ ಹೃದಯಕ್ಕೆ ತೊಂದರೆ ಆಗಬಹುದು, ಕೆಲವರಿಗೆ ಆಗುತ್ತದೆ. ಆದರೆ ಅದಕ್ಕೆ ಪರಿಹಾರ ಮಾತ್ರೆ ಬಿಡುವುದಲ್ಲ, ಬದಲಾಯಿಸುವುದು. ಬದಲಾವಣೆ ಕೇಳಬೇಕಾದರೆ ನಿಮ್ಮ ಕೈಯಲ್ಲಿ ಮಾಹಿತಿ ಇರಬೇಕು. ಅದನ್ನು ಕಲೆಹಾಕುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಮೊದಲು ಇವನ್ನು ಜೋಡಿಸಿಟ್ಟುಕೊಳ್ಳಿ: ಎಆರ್‌ಟಿ ಕೇಂದ್ರದಲ್ಲಿ ಕೊಟ್ಟ ಪುಸ್ತಕ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಡಬ್ಬಿ ಮತ್ತು ಸ್ಟ್ರಿಪ್‌ಗಳು (ಬಿಪಿ, ಶುಗರ್, ಗ್ಯಾಸ್ಟ್ರಿಕ್, ನೋವಿನ ಮಾತ್ರೆ, ಇನ್‌ಹೇಲರ್, ಕಷಾಯದ ಪುಡಿ ಯಾವುದನ್ನೂ ಬಿಡದೆ), ಹಿಂದಿನ ರಕ್ತಪರೀಕ್ಷೆಯ ಚೀಟಿಗಳು, ಒಂದು ಟೈಲರ್ ಟೇಪು.

ಹಂತ 1: ಡಬ್ಬಿಯ ಮೇಲಿನ ಹೆಸರು ಓದಿ

‘ನಾನು ಎಆರ್‌ಟಿ ತಗೋತೀನಿ’ ಎಂದರೆ ವೈದ್ಯರಿಗೆ ಅರ್ಧ ಮಾಹಿತಿ ಮಾತ್ರ ಸಿಕ್ಕಂತೆ. ಎಆರ್‌ಟಿ ಎಂದರೆ ಒಂದು ಔಷಧಿಯಲ್ಲ. ಎರಡು ಮೂರು ಔಷಧಿಗಳ ಜೋಡಣೆ ಅದು, ಒಂದೊಂದು ಜೋಡಣೆಗೂ ಹೃದಯದ ಮೇಲೆ ಬೇರೆ ಬೇರೆ ಪರಿಣಾಮ.

ಇಂದು ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಹೆಚ್ಚಿನವರಿಗೆ ಸಿಗುವುದು ಟಿಎಲ್‌ಡಿ, ದಿನಕ್ಕೆ ಒಂದೇ ಮಾತ್ರೆ. ಡಬ್ಬಿಯ ಮೇಲೆ ಮೂರು ಹೆಸರು, ಮೂರು ಅಂಕಿ ಇರುತ್ತವೆ: ಡೊಲುಟೆಗ್ರಾವಿರ್ 50, ಲ್ಯಾಮಿವುಡಿನ್ 300, ಟೆನೊಫೊವಿರ್ 300 ಮಿಲಿಗ್ರಾಂ. ನಿಮ್ಮ ಡಬ್ಬಿಯ ಮೇಲೆ ಇವಲ್ಲದೆ ಅಬಕಾವಿರ್, ಜಿಡೊವುಡಿನ್, ಎಫಾವಿರೆಂಜ್, ಅಟಜಾನಾವಿರ್, ಲೊಪಿನಾವಿರ್, ಡರುನಾವಿರ್, ರಿಟೊನಾವಿರ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಗುರುತು ಹಾಕಿಕೊಳ್ಳಿ. ಡಬ್ಬಿಯ ಲೇಬಲ್‌ನ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಹಲವರು ಗುಟ್ಟಿಗಾಗಿ ಲೇಬಲ್ ಕಿತ್ತುಹಾಕಿ ಬೇರೆ ಡಬ್ಬಿಗೆ ಸುರಿದುಕೊಳ್ಳುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ತುರ್ತು ಹೊತ್ತಿನಲ್ಲಿ ಯಾವ ಮಾತ್ರೆ ಎಂದು ಯಾರಿಗೂ ತಿಳಿಯದೆ ಹೋಗುತ್ತದೆ. ಫೋಟೋ ಇದ್ದರೆ ಆ ತೊಡಕಿಲ್ಲ.

ಹಂತ 2: ನಿಮ್ಮ ಔಷಧಿಯ ಗುಣ ತಿಳಿಯಿರಿ

ಡೊಲುಟೆಗ್ರಾವಿರ್: ಹೃದಯದ ಬಡಿತಕ್ಕೆ ನೇರ ತೊಂದರೆ ಕೊಡುವ ಔಷಧಿಯಲ್ಲ. ತೊಂದರೆ ಬರುವುದು ಸುತ್ತುದಾರಿಯಲ್ಲಿ. ಕೆಲವರಿಗೆ ತೂಕ ಏರುತ್ತದೆ, ಇದು ಹೆಂಗಸರಲ್ಲಿ ಹೆಚ್ಚು. ಕೆಲವರಿಗೆ ಸಕ್ಕರೆ ಏರುತ್ತದೆ. ಆರು ತಿಂಗಳಲ್ಲಿ ತೂಕ ಶೇ 5ಕ್ಕಿಂತ ಹೆಚ್ಚಿದರೆ ವೈದ್ಯರ ಗಮನಕ್ಕೆ ತನ್ನಿ. ಚಿಕಿತ್ಸೆಗೆ ಮುಂಚೆ ತೀರಾ ಸೊರಗಿದ್ದವರು ಮೈ ತುಂಬಿಕೊಳ್ಳುವುದು ಒಳ್ಳೆಯ ಲಕ್ಷಣ, ಅದನ್ನು ಕಂಡು ಹೆದರಬೇಡಿ. ಹೊಟ್ಟೆ ಮಾತ್ರ ಬೆಳೆಯುತ್ತಿದ್ದರೆ ಎಚ್ಚರ ಬೇಕು.

ಟೆನೊಫೊವಿರ್: ಕೊಬ್ಬಿನ ಅಂಶವನ್ನು ಸ್ವಲ್ಪ ಇಳಿಸುತ್ತದೆ, ಹೃದಯದ ಮಟ್ಟಿಗೆ ಒಳ್ಳೆಯದೇ. ಇದರ ತೊಂದರೆ ಮೂತ್ರಪಿಂಡಕ್ಕೆ. ಅಪರೂಪಕ್ಕೆ ಮೂತ್ರದಲ್ಲಿ ಪೊಟ್ಯಾಸಿಯಂ ಸೋರಿಹೋಗಿ ಹೃದಯದ ಬಡಿತ ತಪ್ಪುವುದುಂಟು. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ದಿನಗಟ್ಟಲೆ ನುಂಗುವವರಲ್ಲಿ ಮೂತ್ರಪಿಂಡ ಬೇಗ ಕೆಡುತ್ತದೆ.

ಅಬಕಾವಿರ್: ಈ ಲೇಖನದಲ್ಲಿ ಅತ್ಯಂತ ಗಮನವಿಟ್ಟು ಓದಬೇಕಾದ ಹೆಸರು. 2008ರಲ್ಲಿ ‘ಡಿಎಡಿ’ ಎಂಬ ದೊಡ್ಡ ಅಧ್ಯಯನ, ಇದನ್ನು ತೆಗೆದುಕೊಳ್ಳುತ್ತಿರುವವರಲ್ಲಿ ಹೃದಯಾಘಾತ ಸುಮಾರು ಎರಡು ಪಟ್ಟಿನ ಹತ್ತಿರ ಇದೆ ಎಂದು ವರದಿ ಮಾಡಿತು. ಕೆಲವು ವಿಶ್ಲೇಷಣೆಗಳಲ್ಲಿ ಈ ಸಂಬಂಧ ಕಾಣಲಿಲ್ಲ, ಮುಂದಿನ ಹಲವು ಅಧ್ಯಯನಗಳಲ್ಲಿ ಮತ್ತೆ ಕಂಡಿತು. ಹಾಗಾಗಿ ಹೃದ್ರೋಗ ಇರುವವರಿಗೆ ಅಥವಾ ಅದರ ಸಾಧ್ಯತೆ ಹೆಚ್ಚಿರುವವರಿಗೆ ಬೇರೆ ದಾರಿಯಿದ್ದರೆ ಇದನ್ನು ಕೊಡದಿರುವುದೇ ಲೇಸು. ತೊಡಕಿರುವುದು ಇಲ್ಲಿಯೇ. ನಮ್ಮಲ್ಲಿ ಅಬಕಾವಿರ್ ಕೊಡುವುದು ಬಹುತೇಕ ಮೂತ್ರಪಿಂಡ ಸರಿಯಿಲ್ಲದೆ ಟೆನೊಫೊವಿರ್ ಕೊಡಲಾಗದವರಿಗೆ. ವಯಸ್ಕರಲ್ಲಿ ಮೂತ್ರಪಿಂಡ ಕೆಡಲು ಸಾಮಾನ್ಯ ಕಾರಣ ಶುಗರ್ ಮತ್ತು ಬಿಪಿ, ಹೃದಯ ಕೆಡಲೂ ಅವೇ ಕಾರಣ. ಅಂದರೆ ಯಾರ ಹೃದಯ ಮೊದಲೇ ಅಪಾಯದಲ್ಲಿದೆಯೋ ಅವರಿಗೇ ಈ ಮಾತ್ರೆ ಹೋಗುವ ಸಂಭವ ಹೆಚ್ಚು. ನೀವು ಅಬಕಾವಿರ್ ಮೇಲಿದ್ದು, ವಯಸ್ಸು 40 ದಾಟಿದ್ದು, ಶುಗರ್, ಬಿಪಿ, ಬೀಡಿ-ಸಿಗರೇಟಿನ ಅಭ್ಯಾಸ ಇವುಗಳಲ್ಲಿ ಯಾವುದಾದರೂ ಇದ್ದರೆ, ಮುಂದಿನ ಭೇಟಿಯಲ್ಲಿ ‘ನನಗೆ ಇದರ ಬದಲು ಬೇರೆ ಕೊಡಲು ಬರುತ್ತದೆಯೇ?’ ಎಂದು ನೇರವಾಗಿ ಕೇಳಿ.

ಜಿಡೊವುಡಿನ್: ರಕ್ತಹೀನತೆ ತರುವ ಔಷಧಿ. ಮೆಟ್ಟಿಲು ಹತ್ತುವಾಗ ಏದುಸಿರು, ಎದೆ ಡವಡವ ಎಂದರೆ ಜನ ಹೃದಯದ ಕಾಯಿಲೆ ಎಂದುಕೊಳ್ಳುತ್ತಾರೆ. ಮೊದಲು ಹಿಮೋಗ್ಲೋಬಿನ್ ನೋಡಿಸಿ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ, ಅಪರೂಪಕ್ಕೆ, ಹೃದಯದ ಸ್ನಾಯುವೇ ದುರ್ಬಲವಾಗುತ್ತದೆ. ಕಾಲಿನ ಬಾವು, ಮಲಗಿದರೆ ಉಸಿರು ಕಟ್ಟುವುದು ಅದರ ಲಕ್ಷಣಗಳು. ಇದನ್ನು ಎಕೋ ಪರೀಕ್ಷೆಯಲ್ಲಿ ಕಾಣಬಹುದು.

ಲೊಪಿನಾವಿರ್–ರಿಟೊನಾವಿರ್: ಟ್ರೈಗ್ಲಿಸರೈಡ್ ಮತ್ತು ಕೊಲೆಸ್ಟ್ರಾಲನ್ನು ಚೆನ್ನಾಗಿ ಏರಿಸುತ್ತದೆ. ಹೃದಯದ ವಿದ್ಯುತ್ ಸಂಚಾರವನ್ನು ನಿಧಾನಿಸುತ್ತದೆ. ಅಟಜಾನಾವಿರ್ ಕೊಬ್ಬಿನ ವಿಷಯದಲ್ಲಿ ಮೃದು, ವಿದ್ಯುತ್ ಸಂಚಾರವನ್ನು ಅದೂ ಸ್ವಲ್ಪ ತಡೆಯುತ್ತದೆ. ಡರುನಾವಿರ್ ಕೊಬ್ಬನ್ನು ಲೊಪಿನಾವಿರ್‌ನಷ್ಟು ಏರಿಸದಿದ್ದರೂ, ದೀರ್ಘಕಾಲ ತೆಗೆದುಕೊಂಡವರಲ್ಲಿ ಹೃದಯಾಘಾತ ಹೆಚ್ಚಿದ್ದುದನ್ನು ಅದೇ ಡಿಎಡಿ ತಂಡ 2018ರಲ್ಲಿ ತೋರಿಸಿತು.

ಎಫಾವಿರೆಂಜ್: ಕೊಲೆಸ್ಟ್ರಾಲ್ ಸ್ವಲ್ಪ ಏರುತ್ತದೆ. ಕೆಲವರ ಯಕೃತ್ತು ಹುಟ್ಟಿನಿಂದಲೇ ಇದನ್ನು ನಿಧಾನವಾಗಿ ಕರಗಿಸುತ್ತದೆ. ಅಂಥವರಲ್ಲಿ ಔಷಧಿ ಶೇಖರವಾಗಿ ಇಸಿಜಿಯಲ್ಲಿ ಕ್ಯೂಟಿ ಅಂತರ (ಒಂದು ಬಡಿತದ ನಂತರ ಹೃದಯ ಮುಂದಿನದಕ್ಕೆ ಸಜ್ಜಾಗುವ ಕಾಲ) ಹಿಗ್ಗುತ್ತದೆ.

ಹಂತ 3: ವರ್ಷಕ್ಕೊಮ್ಮೆ ಅಳೆಯಿರಿ

ಬಿಪಿ. ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಮಾತಾಡದೆ ಕೂತುಕೊಳ್ಳಿ. ತೋಳು ಎದೆಯ ಮಟ್ಟಕ್ಕಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೇರೆ ಬೇರೆ ದಿನ 140/90 ದಾಟಿದರೆ ಚಿಕಿತ್ಸೆ ಬೇಕು. ಬಸ್ಸಿಳಿದು ಓಡಿಬಂದು ಸರತಿಯಲ್ಲಿ ನಿಂತು ಅಳೆಸಿದ ಅಂಕಿಯನ್ನು ನಂಬಿ ಮಾತ್ರೆ ಶುರು ಮಾಡುವುದೂ ತಪ್ಪು, ‘ಟೆನ್ಶನ್ನಿಗೆ ಬಂದಿದೆ’ ಎಂದು ತಳ್ಳಿಹಾಕುವುದೂ ತಪ್ಪು.

ಸೊಂಟದ ಸುತ್ತಳತೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟಾಗ ಓದಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಇದು ನಮ್ಮ ದೇಶದವರ ಮೈಕಟ್ಟಿಗೆ ಹೊಂದುವ ಮಿತಿ.

ಸಕ್ಕರೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಿ. 100ರಿಂದ 125 ಅಂಚಿನ ಸ್ಥಿತಿ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. ಹೆಚ್‌ಐವಿ ಇರುವವರಲ್ಲಿ, ಅದರಲ್ಲೂ ಜಿಡೊವುಡಿನ್ ಅಥವಾ ಅಬಕಾವಿರ್ ಮೇಲಿರುವವರಲ್ಲಿ, ಅದು ನಿಜವಾದದ್ದಕ್ಕಿಂತ ಕಡಿಮೆ ತೋರಿಸುವುದುಂಟು.

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 100ರ ಒಳಗಿರಲಿ, ಹೃದ್ರೋಗ ಈಗಾಗಲೇ ಇದ್ದರೆ 70ರ ಒಳಗೆ. ಟ್ರೈಗ್ಲಿಸರೈಡ್ 150 ಮೀರಬಾರದು. 500 ದಾಟಿದರೆ ಹೃದಯಕ್ಕಿಂತ ಮುಂಚೆ ಮೇದೋಜೀರಕ ಗ್ರಂಥಿ ಉರಿದುಕೊಳ್ಳುವ ಭಯ. ಲೊಪಿನಾವಿರ್ ಶುರು ಮಾಡಿದವರು ವರ್ಷ ಕಾಯದೆ ಮೂರನೆಯ ತಿಂಗಳಲ್ಲೇ ಒಮ್ಮೆ ಮಾಡಿಸುವುದು ಒಳ್ಳೆಯದು.

ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡದ ಕೆಲಸ ತೋರಿಸುವ ರಕ್ತಪರೀಕ್ಷೆ. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ ಇದು ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತದೆ. ಕ್ರಿಯಾಟಿನಿನ್ ಹೊರಹೋಗುವ ದಾರಿಯನ್ನು ಆ ಔಷಧಿ ಕಿರಿದಾಗಿಸುವುದೇ ಕಾರಣ, ಮೂತ್ರಪಿಂಡ ಕೆಟ್ಟಿರುವುದಿಲ್ಲ. ಈ ಏರಿಕೆಯನ್ನೇ ಕಂಡು ಗಾಬರಿಯಿಂದ ಟೆನೊಫೊವಿರ್ ತೆಗೆದು ಅಬಕಾವಿರ್‌ಗೆ ಬದಲಿಸಿದರೆ ಹೃದಯಕ್ಕೆ ಬೇಡದ ಹೊರೆ ಬೀಳುತ್ತದೆ. ಅಂಕಿ ಏರುತ್ತಲೇ ಹೋಗುತ್ತಿದೆಯೇ, ಮೂತ್ರದಲ್ಲಿ ಪ್ರೋಟೀನ್ ಅಥವಾ ಸಕ್ಕರೆ ಇದೆಯೇ ಎಂದು ನೋಡಿ ನಿರ್ಧರಿಸಬೇಕು.

ಇಸಿಜಿ. ರಿಟೊನಾವಿರ್ ಜೋಡಣೆಯಲ್ಲಿರುವವರು, 40 ದಾಟಿದವರು, ತಲೆಸುತ್ತಿ ಬಿದ್ದ ಅನುಭವವಿರುವವರು ಒಂದು ಇಸಿಜಿ ತೆಗೆಸಿ ಪುಸ್ತಕದಲ್ಲಿಟ್ಟುಕೊಳ್ಳಿ. ಕಾಗದದ ಮೇಲ್ಭಾಗದಲ್ಲಿ ಯಂತ್ರವೇ ಮುದ್ರಿಸುವ ಅಂಕಿಗಳಲ್ಲಿ ಎರಡನ್ನು ನೋಡಿ. ಪಿಆರ್ ಎಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂದೇಶ ಮುಟ್ಟಲು ಹಿಡಿದ ಕಾಲ, 200 ಮಿಲಿಸೆಕೆಂಡಿನ ಒಳಗಿರಬೇಕು. ಕ್ಯೂಟಿಸಿ ಎಂದರೆ ಒಂದು ಬಡಿತದ ನಂತರ ಹೃದಯ ಮುಂದಿನದಕ್ಕೆ ಸಜ್ಜಾಗಲು ಹಿಡಿದ ಕಾಲ. ಗಂಡಸರಲ್ಲಿ 450, ಹೆಂಗಸರಲ್ಲಿ 460 ದಾಟಿದರೆ ಹಿಗ್ಗಿದೆ ಎಂದರ್ಥ, 500 ದಾಟಿದರೆ ಅಪಾಯ. ಯಂತ್ರದ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ, ವೈದ್ಯರು ಕೈಯಿಂದ ಅಳೆದು ನೋಡಬೇಕು.

ಹಂತ 4: ಮೆಡಿಕಲ್ ಶಾಪಿನಲ್ಲಿ ಎಚ್ಚರ

ದೊಡ್ಡ ಅನಾಹುತಗಳು ಎಆರ್‌ಟಿ ಒಂದರಿಂದಲೇ ಆಗುವುದು ಕಡಿಮೆ, ಅದರ ಜೊತೆ ಇನ್ನೊಂದು ಸೇರಿದಾಗ ಆಗುವುದೇ ಹೆಚ್ಚು. ರಿಟೊನಾವಿರ್ ಯಕೃತ್ತಿನ ಒಂದು ಮುಖ್ಯ ಕಿಣ್ವವನ್ನು ತಡೆಹಿಡಿಯುತ್ತದೆ. ಆ ಕಿಣ್ವ ಕರಗಿಸಬೇಕಾದ ಬೇರೆ ಔಷಧಿಗಳು ರಕ್ತದಲ್ಲಿ ಕಟ್ಟೆ ಒಡೆದ ನೀರಿನಂತೆ ಏರುತ್ತವೆ. ಡಬ್ಬಿಯ ಮೇಲೆ ರಿಟೊನಾವಿರ್ ಎಂದಿದ್ದರೆ ಕೆಳಗಿನದೆಲ್ಲ ನಿಮಗೆ ಅನ್ವಯಿಸುತ್ತದೆ.

ಕೊಲೆಸ್ಟ್ರಾಲ್ ಮಾತ್ರೆ: ಸಿಮ್ವಾಸ್ಟಾಟಿನ್, ಲೊವಾಸ್ಟಾಟಿನ್ ಮುಟ್ಟಲೇಬಾರದು, ಸ್ನಾಯು ಕರಗಿ ಮೂತ್ರಪಿಂಡ ಕೈಕೊಡಬಹುದು. ಅಟೊರ್ವಾಸ್ಟಾಟಿನ್ ಆದರೆ ಸಾಮಾನ್ಯವಾಗಿ 20 ಮಿಲಿಗ್ರಾಂ ಮೀರಬಾರದು. ಲೊಪಿನಾವಿರ್, ಅಟಜಾನಾವಿರ್ ಜೊತೆ ರೊಸುವಾಸ್ಟಾಟಿನ್ 10 ಮೀರಬಾರದು. ಪಿಟಾವಾಸ್ಟಾಟಿನ್‌ಗೆ ಈ ತಕರಾರಿಲ್ಲ.

ತಲೆನೋವಿನ ಮಾತ್ರೆ: ಎರ್ಗೊಟಮಿನ್ ಇರುವ ಮೈಗ್ರೇನ್ ಮಾತ್ರೆ ರಿಟೊನಾವಿರ್ ಜೊತೆ ಸೇರಿದರೆ ಕೈಕಾಲಿನ ರಕ್ತನಾಳ ಬಿಗಿದುಕೊಂಡು ಬೆರಳು ಕೊಳೆಯುವ ಮಟ್ಟಕ್ಕೆ ಹೋಗುತ್ತದೆ. ಒಂದೇ ಒಂದು ಮಾತ್ರೆಯೂ ಬೇಡ.

ಗ್ಯಾಸ್ಟ್ರಿಕ್ ಮಾತ್ರೆ: ‘ಪ್ಯಾನ್-ಡಿ’ ಮಾದರಿಯ ಕ್ಯಾಪ್ಸೂಲಿನಲ್ಲಿ ಪ್ಯಾಂಟೊಪ್ರಜೋಲ್ ಜೊತೆಗೆ ಡೊಂಪೆರಿಡೋನ್ ಇರುತ್ತದೆ. ಅಟಜಾನಾವಿರ್–ರಿಟೊನಾವಿರ್ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ಎರಡು ಕಡೆಯಿಂದ ಪೆಟ್ಟು. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲ ಇಳಿಸಿದ್ದರಿಂದ ಅಟಜಾನಾವಿರ್ ಸರಿಯಾಗಿ ಹೀರಿಕೆಯಾಗದೆ ವೈರಸ್ ಮೇಲೇಳುತ್ತದೆ. ಇತ್ತ ಡೊಂಪೆರಿಡೋನ್ ರಕ್ತದಲ್ಲಿ ಏರಿ ಕ್ಯೂಟಿ ಹಿಗ್ಗುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆ ಇದು, ಅದಕ್ಕೇ ಇಷ್ಟು ಬಿಡಿಸಿ ಹೇಳಬೇಕಾಯಿತು.

ಇನ್‌ಹೇಲರ್: ಬುಡೆಸೊನೈಡ್, ಫ್ಲುಟಿಕಾಸೋನ್ ಇರುವ ಆಸ್ತಮಾ ಇನ್‌ಹೇಲರ್ ಅಥವಾ ಮೂಗಿನ ಸ್ಪ್ರೇಯ ಸ್ಟೀರಾಯ್ಡ್ ಮೈಗೆಲ್ಲ ಸೇರಿ ಮುಖ ಊದುತ್ತದೆ, ಬಿಪಿ, ಶುಗರ್ ಏರುತ್ತವೆ. ಬೆಕ್ಲೊಮೆಥಾಸೋನ್ ಇರುವುದನ್ನು ಕೇಳಿ.

ಸಿಲ್ಡೆನಾಫಿಲ್ (ವಯಾಗ್ರಾ ಮಾದರಿಯ ಮಾತ್ರೆ): ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಹೇಳಲೇಬೇಕು. ರಿಟೊನಾವಿರ್ ಜೊತೆ 48 ಗಂಟೆಗೆ 25 ಮಿಲಿಗ್ರಾಂ ಮಿತಿ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಬಳಸುವವರಿಗೆ ಇದು ಪೂರ್ತಿ ನಿಷಿದ್ಧ, ಬಿಪಿ ಒಮ್ಮೆಲೇ ಕುಸಿಯುತ್ತದೆ.

ಬಿಪಿ ಮಾತ್ರೆ: ಆಮ್ಲೋಡಿಪಿನ್ ಪರಿಣಾಮ ಹೆಚ್ಚುತ್ತದೆ. ಅರ್ಧ ಪ್ರಮಾಣದಿಂದ ಶುರು ಮಾಡುವುದು ವಾಡಿಕೆ. ಕಾಲು ಬಾತರೆ ತಿಳಿಸಿ.

ಟಿಎಲ್‌ಡಿ ತೆಗೆದುಕೊಳ್ಳುವವರಿಗೆ ಪಟ್ಟಿ ಚಿಕ್ಕದು. ಶುಗರ್‌ಗೆ ಮೆಟ್‌ಫಾರ್ಮಿನ್ ಇದ್ದರೆ ದಿನಕ್ಕೆ 1,000 ಮಿಲಿಗ್ರಾಂ ಮೀರಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ತೆಗೆದುಕೊಳ್ಳುವುದಿದ್ದರೆ ಅದಕ್ಕೆ ಎರಡು ಗಂಟೆ ಮುಂಚೆ ಅಥವಾ ಆರು ಗಂಟೆ ನಂತರ ಟಿಎಲ್‌ಡಿ ನುಂಗಿ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ 50 ಇನ್ನೊಂದು ಸಲ, ಹನ್ನೆರಡು ಗಂಟೆ ಬಿಟ್ಟು, ಬೇಕಾಗುತ್ತದೆ.

ಯಾವ ಎಆರ್‌ಟಿ ಆದರೂ ಇನ್ನೆರಡು ವಿಷಯ ನೆನಪಿಡಿ. ಸೋಂಕು ತಡೆಯಲು ಕೊಡುವ ಕೊ-ಟ್ರೈಮಾಕ್ಸಜೋಲ್ ಪೊಟ್ಯಾಸಿಯಂ ಏರಿಸುತ್ತದೆ. ಬಿಪಿ, ಹೃದಯಕ್ಕೆ ಕೊಡುವ ಎನಲಾಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಕೂಡ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಬಡಿತ ನಿಧಾನವಾಗಿ ನಿಂತೇಹೋಗಬಹುದು, ರಕ್ತದ ಪೊಟ್ಯಾಸಿಯಂ ನೋಡಿಸುತ್ತಿರಬೇಕು. ಎರಡನೆಯದು ಕೆಮ್ಮಿಗೆ ಕುಡಿಯುವ ಅತಿಮಧುರದ ಕಷಾಯ. ದಿನವೂ ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಆ ಹೊತ್ತಿನಲ್ಲೇ ಅಜಿಥ್ರೊಮೈಸಿನ್ ಅಥವಾ ಲಿವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಸೇರಿದರೆ ಕ್ಯೂಟಿ ಹಿಗ್ಗುವ ಸಾಧ್ಯತೆ ಹೆಚ್ಚು.

ಹಂತ 5: ಅಂಕಿ ಸರಿಯಿಲ್ಲದಿದ್ದರೆ ಏನು ಕೇಳಬೇಕು

ಎಆರ್‌ಟಿ ವೈದ್ಯರ ಬಳಿ ಈ ಕ್ರಮದಲ್ಲಿ ಮಾತಾಡಿ. ಮೊದಲು, ಕೊಬ್ಬು ಅಥವಾ ಸಕ್ಕರೆ ಏರಿರುವುದು ಮಾತ್ರೆಯಿಂದಲೇ ಎಂಬ ಅನುಮಾನವಿದ್ದರೆ ಜೋಡಣೆ ಬದಲಿಸಲು ಬರುತ್ತದೆಯೇ? ಹಿಂದೆ ಯಾವ ಔಷಧಿಗೆ ವೈರಸ್ ಬಗ್ಗಿರಲಿಲ್ಲ ಎಂಬ ಚರಿತ್ರೆ ನೋಡದೆ ಅವರು ಬದಲಿಸುವಂತಿಲ್ಲ, ಹಳೆಯ ಪುಸ್ತಕ ಒಯ್ಯಿರಿ. ಬದಲಿಸಿದ ಮೇಲೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಮತ್ತು ಲಿಪಿಡ್ ಎರಡನ್ನೂ ಮತ್ತೆ ನೋಡಿಸಿ.

ಎರಡನೆಯದು, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬೇಕೇ? 2023ರಲ್ಲಿ ಪ್ರಕಟವಾದ ‘ರಿಪ್ರೀವ್’ ಅಧ್ಯಯನದಲ್ಲಿ 40ರಿಂದ 75 ವಯಸ್ಸಿನ 7,769 ಹೆಚ್‌ಐವಿ ಸೋಂಕಿತರಿದ್ದರು. ಹೃದಯದ ಅಪಾಯ ಕಡಿಮೆ ಅಥವಾ ಮಧ್ಯಮ ಎಂದು ಲೆಕ್ಕ ಹಾಕಲಾಗಿದ್ದವರು ಅವರು. ದಿನಕ್ಕೆ 4 ಮಿಲಿಗ್ರಾಂ ಪಿಟಾವಾಸ್ಟಾಟಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಘಟನೆಗಳು ಶೇ 35ರಷ್ಟು ಕಡಿಮೆಯಾದವು. ಕೊಲೆಸ್ಟ್ರಾಲ್ ‘ನಾರ್ಮಲ್’ ಇದೆ ಎಂಬ ಒಂದೇ ಕಾರಣಕ್ಕೆ ಈ ಮಾತು ಮುಗಿಯಬಾರದು, 40 ದಾಟಿದವರೆಲ್ಲ ಕೇಳಬೇಕಾದ ಪ್ರಶ್ನೆ ಇದು. ಗರ್ಭಿಣಿಯರಿಗೆ, ಗರ್ಭ ಧರಿಸುವ ಯೋಚನೆ ಇರುವವರಿಗೆ ಸ್ಟಾಟಿನ್ ಸಾಮಾನ್ಯವಾಗಿ ಕೊಡುವುದಿಲ್ಲ. ಎಆರ್‌ಟಿ ಕೇಂದ್ರದಲ್ಲಿ ಈ ಮಾತ್ರೆ ಇಲ್ಲದಿದ್ದರೆ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ, ಜನೌಷಧಿ ಮಳಿಗೆಯಲ್ಲಿ ವಿಚಾರಿಸಿ.

ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡುವುದರಿಂದ ಸಿಗುವಷ್ಟು ಲಾಭ ಮಾತ್ರೆ ಬದಲಾವಣೆಯಿಂದ ಸಿಗುವುದಿಲ್ಲ. ಬಿಡಲು ಆಗುತ್ತಿಲ್ಲವೆಂದರೆ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರಿಗೆ ಹೇಳಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ, ಉಪ್ಪಿನಕಾಯಿ ಹಪ್ಪಳದ್ದೂ ಸೇರಿ.

ಹಂತ 6: ಎದೆನೋವು ಬಂದರೆ

ಹೃದಯಾಘಾತದ ಲಕ್ಷಣಗಳು ಇವು: ಎದೆ ಹಿಂಡಿದಂತಾಗಿ ನೋವು ತೋಳಿಗೆ, ದವಡೆಗೆ ಹರಿಯುವುದು, ತಣ್ಣನೆಯ ಬೆವರು, ಏದುಸಿರು, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಬರೀ ಹೊಟ್ಟೆಯುರಿ ಮತ್ತು ಸುಸ್ತಾಗಿಯೂ ಬರುತ್ತದೆ. ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಕರೆ ಮಾಡಿ. ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಅಲರ್ಜಿ, ಹೊಟ್ಟೆಯ ರಕ್ತಸ್ರಾವದ ಇತಿಹಾಸ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿದು ನುಂಗಿ.

ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರದ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಇದೆಯೇ ಎಂದು ಇವತ್ತೇ ತಿಳಿದಿಟ್ಟುಕೊಳ್ಳಿ.

ಅಲ್ಲಿ ಎರಡು ವಿಷಯ ಹೇಳಲೇಬೇಕು: ಎಆರ್‌ಟಿಯ ಹೆಸರು (ಫೋಟೋ ತೋರಿಸಿ), ಮತ್ತು ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್ ತೆಗೆದುಕೊಂಡಿದ್ದರೆ ಯಾವಾಗ ಎಂಬುದು. ಹೇಳಿದರೆ ಎಲ್ಲರಿಗೂ ತಿಳಿದುಹೋಗುತ್ತದೆ ಎಂಬ ಭಯ ಹಲವರದು. 2017ರ ಹೆಚ್‌ಐವಿ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಹೆಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವುದು, ಭೇದ ಮಾಡುವುದು ಅದರ ಪ್ರಕಾರ ನಿಷಿದ್ಧ. ನಿಮ್ಮ ಮಾಹಿತಿಯನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ. ತೊಂದರೆಯಾದರೆ 1097 ಉಚಿತ ಸಹಾಯವಾಣಿಗೆ ಕರೆ ಮಾಡಿ.

ಸ್ಟೆಂಟ್ ಹಾಕಿದರೆ ಇನ್ನೊಂದು ಮಾತು ಬಾಕಿಯಿದೆ. ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಬರೆಯುವ ಕ್ಲೊಪಿಡೊಗ್ರೆಲ್ ರಿಟೊನಾವಿರ್ ಜೊತೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದೇ ಬಗೆಯ ಟಿಕಾಗ್ರೆಲಾರ್ ರಕ್ತದಲ್ಲಿ ಏರಿ ರಕ್ತಸ್ರಾವ ತರುತ್ತದೆ. ಇವರಿಗೆ ಪ್ರಾಸುಗ್ರೆಲ್ ಹೊಂದುತ್ತದೆ, ಹಿಂದೆ ಪಾರ್ಶ್ವವಾಯು ಆಗಿದ್ದವರಿಗೆ ಅದೂ ಸಲ್ಲದು. ಆಗ ಎಆರ್‌ಟಿಯನ್ನೇ ಡೊಲುಟೆಗ್ರಾವಿರ್ ಜೋಡಣೆಗೆ ಬದಲಿಸಬಹುದೇ ಎಂದು ಹೃದ್ರೋಗ ವೈದ್ಯರೂ ಎಆರ್‌ಟಿ ವೈದ್ಯರೂ ಮಾತಾಡಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಮಲಗಿರುವಾಗಲೂ ಎಆರ್‌ಟಿ ಒಂದು ಹೊತ್ತೂ ತಪ್ಪದಿರಲಿ, ಮನೆಯವರು ಡಬ್ಬಿ ತಂದುಕೊಡಲಿ. ಡಿಸ್ಚಾರ್ಜ್ ಆದ ವಾರದೊಳಗೆ ಡಿಸ್ಚಾರ್ಜ್ ಚೀಟಿಯನ್ನೂ ಹೊಸ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಎಆರ್‌ಟಿ ಕೇಂದ್ರಕ್ಕೆ ಒಯ್ದು, ಒಂದೊಂದನ್ನೂ ಮೇಜಿನ ಮೇಲಿಟ್ಟು, ಎಆರ್‌ಟಿ ಜೊತೆ ಹೊಂದುತ್ತದೆಯೇ ಎಂದು ಕೇಳಿ ಪುಸ್ತಕದಲ್ಲಿ ಬರೆಸಿಕೊಳ್ಳಿ.